66 ಸಿಸಿ ಸೈಕಲ್ ಎಂಜಿನ್: ಪಿಸ್ಟನ್ ಸ್ಕರ್ಟ್ ಕತ್ತರಿಸುವ ಸಮಗ್ರ ಮಾರ್ಗದರ್ಶಿ

ಸೈಕಲ್ಲಿಗೆ ಕೂರಿಸುವ ಚೈನೀಸ್ ಟು-ಸ್ಟ್ರೋಕ್ ಕಿಟ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಸಾಮಾನ್ಯವಾಗಿ ರೀಡ್ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ತೆಳು ಪಟ್ಟಿಯ ವಾಲ್ವ್) ಕೂಡ ಇಲ್ಲ. ಗಾಳಿ-ಪೆಟ್ರೋಲ್ ಯಾವಾಗ ಒಳಬರಬೇಕು, ಹೊಗೆ ಯಾವಾಗ ಹೊರಹೋಗಬೇಕು ಎಂಬುದನ್ನೆಲ್ಲ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ತೀರ್ಮಾನಿಸುತ್ತದೆ. ಹಾಗಾಗಿ ಈ ಪಿಸ್ಟನ್ನಿಗೆ ಅರ ಹಾಕುವುದೆಂದರೆ ಎಂಜಿನ್ನಿನ ಟೈಮಿಂಗನ್ನೇ ಬದಲಾಯಿಸಿದ ಹಾಗೆ. ಪಿಸ್ಟನ್ನಿನ ಕೆಳಭಾಗದ ತೆಳು ಗೋಡೆಗೆ ಸ್ಕರ್ಟ್ ಎನ್ನುತ್ತಾರೆ. ವಿಡಿಯೋಗಳಲ್ಲಿ "ಸ್ಕರ್ಟ್ 3 ಮಿಮೀ ಕಟ್ ಮಾಡಿ, ಸ್ಪೀಡ್ ನೋಡಿ" ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ಯಾರ ಎಂಜಿನ್ನಿಗೆ 3 ಮಿಮೀ, ಯಾವ ಅಳತೆಯಿಂದ 3 ಮಿಮೀ ಎಂದು ಮಾತ್ರ ಹೇಳುವುದಿಲ್ಲ. ಕಿಟ್‌ನಿಂದ ಕಿಟ್‌ಗೆ ಪೋರ್ಟುಗಳ (ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ) ಎತ್ತರವೇ ಬೇರೆ ಇರುವಾಗ, ಅಳೆಯದೆ ಕತ್ತರಿಸುವುದು ಜೂಜು.

ಕೆಲಸಕ್ಕೆ ಮೊದಲು ಕಾನೂನಿನ ಮಾತು ಒಂದಿಷ್ಟು. ಭಾರತದ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು, ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಅದು 'ಮೋಟಾರು ವಾಹನ'ದ ವ್ಯಾಖ್ಯೆಯಿಂದ ಹೊರಗುಳಿಯುತ್ತದೆ. 66 ಸಿಸಿ ಕಿಟ್ ಕೂರಿಸಿದ ಸೈಕಲ್ ಆ ಮಿತಿಯನ್ನು ಎಂದೋ ದಾಟಿದೆ. ನೋಂದಣಿ, ವಿಮೆ, ಲೈಸೆನ್ಸ್ ಎಲ್ಲವೂ ಬೇಕು, ಮನೆಯಲ್ಲಿ ಕಟ್ಟಿದ ಗಾಡಿಗೆ ಅವು ಸಿಗುವುದಿಲ್ಲ. ಅಂದರೆ ಇಲ್ಲಿ ಇದು ನಿಮ್ಮ ತೋಟದ, ಎಸ್ಟೇಟಿನ, ಖಾಸಗಿ ಜಾಗದ ಗಾಡಿ. ಈ ಕಿಟ್‌ಗಳಿಗೆ ಅಭಿಮಾನಿ ಬಳಗ ದೊಡ್ಡದಾಗಿರುವ ಅಮೆರಿಕದಲ್ಲೂ ರಾಜ್ಯಕ್ಕೊಂದು ನಿಯಮ. ಎಷ್ಟೋ ಕಡೆ ಮಿತಿ 50 ಸಿಸಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ನಿಯಮ ನೋಡಿಕೊಂಡೇ ರಸ್ತೆಗಿಳಿಯಬೇಕು.

ಕೈಯಲ್ಲಿರುವ ಎಂಜಿನ್ ಯಾವುದು?

ಪೆಟ್ಟಿಗೆಯ ಮೇಲೆ '80 ಸಿಸಿ' ಎಂದು ಬರೆದಿರುತ್ತದೆ. ಒಳಗಿರುವ ಬೋರ್ (ಸಿಲಿಂಡರಿನ ಒಳವ್ಯಾಸ) 47 ಮಿಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 38 ಮಿಮೀ ಆದರೆ ಲೆಕ್ಕ 66 ಸಿಸಿಗೆ ಬರುತ್ತದೆ, 40 ಮಿಮೀ ಆದರೆ 69ಕ್ಕೆ. ಎಂಬತ್ತು ಮಾರುವವರ ಬಾಯಲ್ಲಿ ಮಾತ್ರ. ಈ 2 ಮಿಮೀ ವ್ಯತ್ಯಾಸವನ್ನು ಕಡೆಗಣಿಸಬೇಡಿ, ಏಕೆಂದರೆ ಎರಡು ಬಗೆಯ ಎಂಜಿನ್ನಿಗೂ ಪಿಸ್ಟನ್ನುಗಳು ಬೇರೆ ಬೇರೆ. ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್ನಿನ) ತೂತು ತಲೆಯಿಂದ ಎಷ್ಟು ಕೆಳಗಿದೆ ಎಂಬುದರಲ್ಲಿ ಅಂತರವಿರುತ್ತದೆ. ಹೊಸ ಪಿಸ್ಟನ್ ತರುವ ಮೊದಲು ಹಳೆಯದರಲ್ಲಿ ಪಿನ್ನಿನ ನಡುವಿನಿಂದ ತಲೆಯ ಅಂಚಿಗೆ ಇರುವ ದೂರ ಅಳೆದು ಬರೆದಿಟ್ಟುಕೊಳ್ಳಿ. ತಪ್ಪು ಪಿಸ್ಟನ್ ಹೆಡ್ಡಿಗೆ ಬಡಿಯಬಹುದು, ಇಲ್ಲವೇ ಕೆಳಗೇ ಉಳಿದು ಕಂಪ್ರೆಷನ್ ಇಲ್ಲದ ಹಾಗೆ ಆಗಬಹುದು.

ಪಿಸ್ಟನ್ ಎರಡು ತಂದಿಡಿ. ಒಂದು ಕತ್ತರಿಸಲು, ಇನ್ನೊಂದು ಹಾಗೆಯೇ ಇಡಲು. ಸಿಲಿಂಡರಿನ ಪೋರ್ಟ್ ಅಗಲ ಮಾಡುವ ಬದಲು ಪಿಸ್ಟನ್ ಕತ್ತರಿಸುವ ದಾರಿಯನ್ನು ನಾನು ಹೇಳುವುದಕ್ಕೆ ಕಾರಣವೂ ಇದೇ. ಪಿಸ್ಟನ್ ಕೆಟ್ಟರೆ ಅದೊಂದನ್ನೇ ಬದಲಾಯಿಸಿದರಾಯಿತು. ಸಿಲಿಂಡರ್ ಕೆಟ್ಟರೆ ಹೋಯಿತು.

ಬೇಕಾದ ಸಾಮಾನು ಹೆಚ್ಚಿಲ್ಲ: ವರ್ನಿಯರ್ ಕ್ಯಾಲಿಪರ್, ಫೀಲರ್ ಗೇಜ್, ಸಣ್ಣ ಅರ್ಧಗೋಲ ಅರ, 400 ಮತ್ತು 800ರ ವಾಟರ್ ಪೇಪರ್, ಬೆಸುಗೆ ತಂತಿ (ಮೆತ್ತನೆಯ ಸೋಲ್ಡರ್), ಗೀರಲು ತುದಿ ಬಗ್ಗಿಸಿದ ದಬ್ಬಳ, ಮಾರ್ಕರ್ ಪೆನ್ನು, ಹೊಸ ಸರ್ಕ್ಲಿಪ್ಪು (ಪಿನ್ ಜಾರದಂತೆ ತಡೆಯುವ ತಂತಿ ಉಂಗುರ), ಹೊಸ ಗ್ಯಾಸ್ಕೆಟ್ಟು. ಡಿಗ್ರಿ ಚಕ್ರವನ್ನು (360 ಡಿಗ್ರಿ ಗುರುತು ಹಾಕಿದ ಬಿಲ್ಲೆ) ಕಾಗದದ ಮೇಲೆ ಪ್ರಿಂಟ್ ಹಾಕಿ ರಟ್ಟಿಗೆ ಅಂಟಿಸಿಕೊಂಡರೂ ನಡೆಯುತ್ತದೆ. ಬೆಂಗಳೂರಿನವರಿಗೆ ಇವೆಲ್ಲ ಎಸ್‌ಜೆಪಿ ರಸ್ತೆಯಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ.

ಸ್ಕರ್ಟ್ ಮಾಡುವ ಕೆಲಸ

ಕ್ರ್ಯಾಂಕ್‌ಕೇಸನ್ನೇ (ಪಿಸ್ಟನ್ನಿನ ಕೆಳಗಿನ ಗೂಡನ್ನೇ) ಪಂಪಾಗಿ ಬಳಸುವ ಟು-ಸ್ಟ್ರೋಕ್ ಎಂಜಿನ್ ಇಂಗ್ಲೆಂಡಿನ ಜೋಸೆಫ್ ಡೇ ಎಂಬವನದು, 1891ರದು. ಪಿಸ್ಟನ್ನಿನ ಸ್ಕರ್ಟಿನಿಂದಲೇ ಇನ್‌ಲೆಟ್ ಪೋರ್ಟನ್ನು ತೆರೆದು ಮುಚ್ಚುವ ಉಪಾಯ ಅವನ ಕಾರ್ಖಾನೆಯ ಕೆಲಸಗಾರ ಫ್ರೆಡರಿಕ್ ಕಾಕ್‌ನದು, ಮರುವರ್ಷದ ಪೇಟೆಂಟ್. ಈ ಕಿಟ್ ಎಂಜಿನ್ನು ಇಂದಿಗೂ ಅದೇ ಉಪಾಯದ ಮೇಲೆ ಓಡುತ್ತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ದಿಗಳದ್ದೂ ಇದೇ ಪಿಸ್ಟನ್-ಪೋರ್ಟ್ ವ್ಯವಸ್ಥೆ. ಆ ಗಾಡಿಗಳನ್ನು ಬಿಚ್ಚಿ ಕಟ್ಟಿದ ಹಳೆಯ ಮೇಸ್ತ್ರಿ ಹತ್ತಿರದಲ್ಲಿದ್ದರೆ ಪಿಸ್ಟನ್ ಹಿಡಿದುಕೊಂಡು ಹೋಗಿ ತೋರಿಸಿ. ನೀವು ಬಾಯಿ ಬಿಡುವ ಮೊದಲೇ ಅವರ ಬೆರಳು ಸ್ಕರ್ಟಿನ ಅಂಚಿಗೆ ಹೋಗುತ್ತದೆ.

ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್‌ಕೇಸಿನಲ್ಲಿ ನಿರ್ವಾತ ಹುಟ್ಟುತ್ತದೆ. ಹಿಂಬದಿಯ ಸ್ಕರ್ಟಿನ ಕೆಳ ಅಂಚು ಇನ್‌ಲೆಟ್ ಪೋರ್ಟಿನ ತಳವನ್ನು ದಾಟಿದ ಗಳಿಗೆ ಕಾರ್ಬೊರೇಟರಿನಿಂದ ಮಿಶ್ರಣ ಒಳನುಗ್ಗುತ್ತದೆ. ಪಿಸ್ಟನ್ ತುತ್ತತುದಿ ಮುಟ್ಟಿ ಇಳಿಯುತ್ತ ಅದೇ ಅಂಚು ಮತ್ತೆ ಪೋರ್ಟಿನ ತಳಕ್ಕೆ ಬಂದಾಗ ಬಾಗಿಲು ಮುಚ್ಚುತ್ತದೆ. ಸ್ಕರ್ಟನ್ನು ಗಿಡ್ಡ ಮಾಡಿದರೆ ಬಾಗಿಲು ಬೇಗ ತೆರೆಯುತ್ತದೆ, ಅಷ್ಟೇ ತಡವಾಗಿ ಮುಚ್ಚುತ್ತದೆ. ಲಾಭ ನಷ್ಟ ಎರಡೂ ಇಲ್ಲಿಯೇ. ಎಂಜಿನ್ ಜೋರಾಗಿ ತಿರುಗುವಾಗ ಹೆಚ್ಚು ಹೊತ್ತು ತೆರೆದ ಬಾಗಿಲಿನಿಂದ ಹೆಚ್ಚು ಮಿಶ್ರಣ ಬರುತ್ತದೆ. ನಿಧಾನವಾಗಿ ತಿರುಗುವಾಗ, ಪಿಸ್ಟನ್ ಇಳಿಯತೊಡಗಿದರೂ ಬಾಗಿಲು ಮುಚ್ಚಿರುವುದಿಲ್ಲವಾದ್ದರಿಂದ ಒಳಬಂದ ಮಿಶ್ರಣ ಕಾರ್ಬೊರೇಟರಿನತ್ತ ವಾಪಸ್ ಉಗುಳುತ್ತದೆ. ಏರಿನಲ್ಲಿ ಪಿಕಪ್ ಸಾಯುವುದು ಹೀಗೆ.

ಮೊದಲ ಹಂತ: ಅಳತೆ

ಎಂಜಿನ್ ತಣ್ಣಗಿರುವಾಗ ಪ್ಲಗ್ ಬಿಚ್ಚಿ, ಮ್ಯಾಗ್ನೆಟೋ ಕಡೆಯ ಮುಚ್ಚಳ ತೆಗೆದು, ರೋಟರಿನ ನಟ್ಟಿಗೆ ಡಿಗ್ರಿ ಚಕ್ರ ಕೂರಿಸಿ. ತಂತಿ ಬಗ್ಗಿಸಿ ಒಂದು ಮುಳ್ಳು ಮಾಡಿಕೊಳ್ಳಿ. ಟಿಡಿಸಿಯನ್ನು, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದುವನ್ನು, ಕಣ್ಣಂದಾಜಿನಲ್ಲಿ ಹಿಡಿಯಲಾಗದು. ತುತ್ತತುದಿಯಲ್ಲಿ ಕ್ರ್ಯಾಂಕ್ ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದಂತೆ ಕಾಣುವುದಿಲ್ಲ. ಪ್ಲಗ್ಗಿನ ತೂತಿಗೆ ಪಿಸ್ಟನ್ ತಡೆಯುವ ಬೋಲ್ಟ್ ಹಾಕಿ, ಒಂದು ಕಡೆಗೆ ಮೆಲ್ಲಗೆ ತಿರುಗಿಸಿ ನಿಂತಲ್ಲಿ ಓದಿ, ಇನ್ನೊಂದು ಕಡೆಗೂ ತಿರುಗಿಸಿ ಓದಿ. ಎರಡರ ನಡುಬಿಂದು ಟಿಡಿಸಿ.

ಈಗ ಬೋಲ್ಟ್ ತೆಗೆದು, ಕಾರ್ಬೊರೇಟರ್ ಮತ್ತು ಇನ್‌ಟೇಕ್ ಪೈಪನ್ನೂ ಬಿಚ್ಚಿ, ಟಾರ್ಚ್ ಬಿಟ್ಟು ಪೋರ್ಟಿನೊಳಗೆ ನೋಡಿ. ಸ್ಕರ್ಟಿನ ಅಂಚು ಪೋರ್ಟಿನ ತಳ ಬಿಡುವ ಕ್ಷಣದ ಡಿಗ್ರಿ, ಮತ್ತೆ ಮುಚ್ಚುವ ಕ್ಷಣದ ಡಿಗ್ರಿ ಬರೆದುಕೊಳ್ಳಿ. ನಡುವಿನ ಅಂತರವೇ ಇನ್‌ಟೇಕ್ ಅವಧಿ. ತೆಳ್ಳಗಿನ ಫೀಲರ್ ಪಟ್ಟಿಯೊಂದನ್ನು ಅಂಚಿನಡಿ ಹಿಡಿದರೆ ತೆರೆಯುವ ಕ್ಷಣ ಕೈಗೇ ತಿಳಿಯುತ್ತದೆ.

ಚಕ್ರ ಕೂರಿಸಲು ಆಗದವರಿಗೆ ಇನ್ನೊಂದು ದಾರಿ ಉಂಟು. ಪಿಸ್ಟನ್ ಟಿಡಿಸಿಯಲ್ಲಿರುವಾಗ ಪೋರ್ಟಿನ ತಳದಿಂದ ಸ್ಕರ್ಟಿನ ಅಂಚಿಗೆ ಎಷ್ಟು ಎತ್ತರ ಎಂದು ಅಳೆಯಿರಿ. ಸ್ಟ್ರೋಕ್ 40 ಮಿಮೀ, ಕನೆಕ್ಟಿಂಗ್ ರಾಡ್ ನಡುವಿನಿಂದ ನಡುವಿಗೆ 85 ಮಿಮೀ ಎಂದು ಹಿಡಿದು ಲೆಕ್ಕ ಹಾಕಿದರೆ, 11.8 ಮಿಮೀ ತೆರವು 120 ಡಿಗ್ರಿ ಅವಧಿ ಕೊಡುತ್ತದೆ, 13.5 ಮಿಮೀ 130 ಡಿಗ್ರಿ, 15.3 ಮಿಮೀ 140 ಡಿಗ್ರಿ. ಅಂದರೆ ಮಿಲಿಮೀಟರಿಗೆ ಆರು ಡಿಗ್ರಿಯ ಹತ್ತಿರ. ನಿಮ್ಮ ರಾಡ್ ಕೊಂಚ ಉದ್ದವೋ ಗಿಡ್ಡವೋ ಇದ್ದರೆ ಈ ಅಂಕಿ ಹೆಚ್ಚು ಅಲುಗದು. ಸ್ಟ್ರೋಕ್ 38 ಆದರೆ ಮಾತ್ರ ಹೊಸದಾಗಿ ಲೆಕ್ಕ ಹಾಕಿಕೊಳ್ಳಿ.

ಎಷ್ಟಕ್ಕೆ ಗುರಿ ಇಡಬೇಕು? ಕಿಟ್‌ನ ಸಾದಾ ಸೈಲೆನ್ಸರ್ ಇಟ್ಟುಕೊಂಡು, ಪೆಡಲ್ ತುಳಿದು ಹೊರಡುವ ಸೈಕಲ್ಲಿಗೆ 125ರಿಂದ 130 ಡಿಗ್ರಿ ಸಾಕು ಎಂಬುದು ನನ್ನ ಅಭಿಪ್ರಾಯ. 140 ದಾಟಿಸಿದರೆ ಎಕ್ಸ್‌ಪಾನ್ಷನ್ ಚೇಂಬರ್ (ಉಬ್ಬಿದ ಹೊಟ್ಟೆಯ ವಿಶೇಷ ಸೈಲೆನ್ಸರ್) ಇಲ್ಲದೆ ಅದರ ಪ್ರಯೋಜನ ಸಿಗದು. ಸ್ವಲ್ಪ ಗೇರಿಂಗ್ ಲೆಕ್ಕವನ್ನೂ ನೋಡಿ: ಒಳಗಿನ ಗೇರು 4.1, ಹೊರಗೆ 10ಕ್ಕೆ 44 ಹಲ್ಲು, ಒಟ್ಟು ಸುಮಾರು 18ಕ್ಕೆ 1. 26 ಇಂಚಿನ ಚಕ್ರಕ್ಕೆ 5000 ಆರ್‌ಪಿಎಂನಲ್ಲಿ ಗಂಟೆಗೆ 34 ಕಿಮೀ ಚಿಲ್ಲರೆ ಬರುತ್ತದೆ, 6500ರಲ್ಲಿ 45ರ ಹತ್ತಿರ. ಸೈಕಲ್ಲಿನ ರಿಮ್ ಬ್ರೇಕ್ ನಂಬಿ ಇದಕ್ಕಿಂತ ಮೇಲೆ ಹೋಗುವ ಆಸೆ ಯಾಕೆ?

ಕತ್ತರಿಸುವ ಮೊದಲು ಮುಂಬದಿಯನ್ನೂ ನೋಡಿಕೊಳ್ಳಿ. ಟಿಡಿಸಿಯಲ್ಲಿ ಎಕ್ಸಾಸ್ಟ್ ಪೋರ್ಟನ್ನು ಮುಂದಿನ ಸ್ಕರ್ಟ್ ಪೂರ್ತಿ ಮುಚ್ಚಿರಬೇಕು. ಕೆಳಗೆ ಒಂದು ಸಂದಿ ಕಂಡರೂ ಕ್ರ್ಯಾಂಕ್‌ಕೇಸಿನ ನಿರ್ವಾತ ಸೈಲೆನ್ಸರಿನ ಕಡೆಯಿಂದ ಸೋರುತ್ತದೆ. ಇಂಥ ಪಿಸ್ಟನ್ನಿನ ಮೇಲೆ ಶ್ರಮ ಹಾಕಬೇಡಿ, ಬೇರೆಯದು ತನ್ನಿ. ಮುಂದಿನ ಸ್ಕರ್ಟಿಗೆ ಅರ ತಾಗಿಸುವ ಪ್ರಶ್ನೆ ಯಾವ ಸಂದರ್ಭದಲ್ಲೂ ಇಲ್ಲ.

ಇದೇ ಹೊತ್ತಿನಲ್ಲಿ ಪಿಸ್ಟನ್ನಿನ ವ್ಯಾಸವನ್ನೂ ಅಳೆದಿಡಿ: ಸ್ಕರ್ಟಿನ ಬುಡದ ಹತ್ತಿರ, ಪಿನ್ನಿಗೆ ಅಡ್ಡಲಾಗಿ. ಇದಕ್ಕೆ ವರ್ನಿಯರ್ ಸಾಲದು, ಲೇತ್ ಅಂಗಡಿಯ ಮೈಕ್ರೋಮೀಟರ್ ಬೇಕು. ಆಮೇಲೆ ಅಳೆಯುತ್ತೇನೆಂದರೆ ಅಳೆಯಬೇಕಾದ ಜಾಗವೇ ಕತ್ತರಿಸಿ ಹೋಗಿರುತ್ತದೆ.

ಎರಡನೆಯ ಹಂತ: ಗೀಟು

ಈ ಕಿಟ್‌ಗಳಲ್ಲಿ ಒಂದು ಸಾಮಾನ್ಯ ಸಂಗತಿ ಕಾಣುತ್ತದೆ. ಪಿಸ್ಟನ್ ಟಿಡಿಸಿಯಲ್ಲಿದ್ದರೂ ಸ್ಕರ್ಟಿನ ತುದಿ ಇನ್‌ಲೆಟ್ ಪೋರ್ಟಿನ ಮೇಲ್ಭಾಗದಲ್ಲಿ ಪರದೆಯ ಹಾಗೆ ಒಂದೆರಡು ಮಿಮೀ ಇಳಿಬಿದ್ದಿರುತ್ತದೆ. ಪೂರ್ತಿ ತೆರೆದಿರಬೇಕಾದ ಬಾಗಿಲಿಗೆ ಅಡ್ಡ ಅದು. ಅದನ್ನು ಪೋರ್ಟಿನ ಮೇಲಂಚಿಗೆ ಸರಿಯಾಗಿ ತೆಗೆಯುವುದೇ ಕತ್ತರಿಸಲು ಇರುವ ನ್ಯಾಯವಾದ ಕಾರಣ, ಅದೇ ಬಹುಮಟ್ಟಿಗೆ ಮಿತಿಯೂ ಹೌದು.

ಹೆಡ್ಡು, ಸಿಲಿಂಡರು ಎತ್ತಿ, ಕ್ರ್ಯಾಂಕ್‌ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಪುಟಾಣಿ ಸರ್ಕ್ಲಿಪ್ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಪಿಸ್ಟನ್ನಿನ ಹಿಂದಿನ ಸ್ಕರ್ಟಿಗೆ ಮಾರ್ಕರಿನಲ್ಲಿ ಕಪ್ಪು ಬಳಿಯಿರಿ. ರಿಂಗುಗಳನ್ನು ತೆಗೆದಿಟ್ಟು, ಬಟ್ಟೆಯನ್ನೂ ತೆಗೆದು, ಪಿಸ್ಟನ್ ಮತ್ತು ಸಿಲಿಂಡರನ್ನು ಬೇಸ್ ಗ್ಯಾಸ್ಕೆಟ್ ಸಮೇತ ಜೋಡಿಸಿ, ನಟ್ಟುಗಳನ್ನು ಕೈಬಿಗಿ ಮಾಡಿ ಟಿಡಿಸಿಗೆ ತನ್ನಿ. ಬಗ್ಗಿಸಿದ ದಬ್ಬಳವನ್ನು ಇನ್‌ಲೆಟ್ ಪೋರ್ಟಿನೊಳಗೆ ತೂರಿಸಿ, ಪೋರ್ಟಿನ ಮೇಲಂಚು ಮತ್ತು ಎರಡೂ ಪಕ್ಕದ ಅಂಚುಗಳನ್ನು ಅನುಸರಿಸಿ ಸ್ಕರ್ಟಿನ ಮೇಲೆ ಗೀರಿ. ಬಿಚ್ಚಿದಾಗ ಕಪ್ಪಿನ ಮೇಲೆ ಹೊಳೆಯುವ ಕಮಾನು ಕಾಣುತ್ತದೆ. ಕತ್ತರಿಸಬೇಕಾದದ್ದು ಅದರೊಳಗಿನದು ಮಾತ್ರ. ಸ್ಕರ್ಟನ್ನು ಸುತ್ತಲೂ ಸಮನಾಗಿ ಗಿಡ್ಡ ಮಾಡುವವರಿದ್ದಾರೆ, ಅದು ಬೇಡ. ಪೋರ್ಟಿನ ಆಚೀಚೆ ಉಳಿಯುವ ಸ್ಕರ್ಟೇ ಪಿಸ್ಟನ್ ಓಲಾಡದಂತೆ ಹಿಡಿದಿಡುವುದು.

ಗೀಟಿನವರೆಗೆ ಎಷ್ಟು ಮಿಮೀ ಎಂದು ಅಳೆದು ಡಿಗ್ರಿ ಲೆಕ್ಕ ನೋಡಿ. ಈಗ 120 ಇದ್ದು 2 ಮಿಮೀ ತೆಗೆದರೆ 131ರ ಹತ್ತಿರ ನಿಲ್ಲುತ್ತದೆ, ಒಳ್ಳೆಯದೇ. ಮೊದಲೇ 135 ಇದ್ದರೆ ಗೀಟು ಕಂಡರೂ ಕೈ ಕಟ್ಟಿಕೊಂಡು ಕೂರಿ.

ಮೂರನೆಯ ಹಂತ: ಅರ

ಪಿಸ್ಟನ್ನನ್ನು ಬರಿಯ ವೈಸಿಗೆ ಹಾಕಬೇಡಿ. ಸ್ಕರ್ಟ್ ತೆಳ್ಳಗಿರುತ್ತದೆ, ಕೊಂಚ ಬಿಗಿದರೂ ಆಕಾರ ಕೆಡುತ್ತದೆ. ಮರದ ತುಂಡಿಗೆ 47 ಮಿಮೀ ತೂತು ಕೊರೆಸಿ, ಅದನ್ನು ನಡುವೆ ಸೀಳಿ, ಒಳಗೆ ಬಟ್ಟೆ ಸುತ್ತಿದ ಪಿಸ್ಟನ್ ಇಟ್ಟು ಮರವನ್ನು ವೈಸಿನಲ್ಲಿ ಹಿಡಿಯಿರಿ. ಡ್ರೆಮೆಲ್‌ನಂಥ ಸಣ್ಣ ಕೈ ಗ್ರೈಂಡರ್ ಇದ್ದವರಿಗೂ ಅರವನ್ನೇ ಹೇಳುತ್ತೇನೆ. ತಿರುಗುವ ಬರ್ ಕೈ ಜಾರಿದ ಅರೆಕ್ಷಣದಲ್ಲಿ ಮುಗಿಸಿಬಿಡುತ್ತದೆ.

ಅಲ್ಯೂಮಿನಿಯಂ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಮೆತ್ತಿದ ಚೂರು ಪಿಸ್ಟನ್ನಿನ ಮೈಮೇಲೆ ಆಳವಾದ ಗೀರು ಹಾಕುತ್ತದೆ. ಅರಕ್ಕೆ ಸೀಮೆಸುಣ್ಣ ಉಜ್ಜಿಕೊಳ್ಳಿ, ಹತ್ತಿಪ್ಪತ್ತು ಎಳೆತಕ್ಕೊಮ್ಮೆ ತಂತಿ ಬ್ರಷ್ಷಿನಲ್ಲಿ ಕೊಡವಿ ಮತ್ತೆ ಉಜ್ಜಿ. ಎಳೆತ ಹೊರಗಿನಿಂದ ಒಳಕ್ಕೆ ಇರಲಿ, ಆಗ ಎದ್ದ ಕೂರ್ಪು ಒಳಬದಿಗೆ ಬರುತ್ತದೆ, ಸಿಲಿಂಡರಿಗೆ ತಾಗುವ ಮೈ ಶುದ್ಧವಾಗಿ ಉಳಿಯುತ್ತದೆ. ಅರ್ಧ ಮಿಮೀ ತೆಗೆದು ನಿಲ್ಲಿಸಿ, ರಿಂಗಿಲ್ಲದೆ ಜೋಡಿಸಿ, ಪೋರ್ಟಿನೊಳಗೆ ನೋಡಿ. ಬೇಸರದ ಕೆಲಸವೇ. ಆದರೆ ತೆಗೆದದ್ದನ್ನು ಮತ್ತೆ ಅಂಟಿಸಲಾಗದು.

ಕಮಾನಿನ ಎರಡು ಮೂಲೆಗಳು ದುಂಡಗೆ ಇರಬೇಕು, ಕನಿಷ್ಠ 3 ಮಿಮೀ ತ್ರಿಜ್ಯದಷ್ಟು. ಪಿಸ್ಟನ್ ಎರಕದ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. 40 ಮಿಮೀ ಸ್ಟ್ರೋಕಿನ ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 8 ಮೀಟರ್, ಸೆಕೆಂಡಿಗೆ 200 ಸಲ ನಿಂತು ದಿಕ್ಕು ಬದಲಿಸುತ್ತದೆ. ಮೂಲೆಯಲ್ಲಿ ಉಳಿದ ಗೀರು ಆ ಹೊಡೆತಕ್ಕೆ ಬೆಳೆಯುತ್ತ ಹೋಗಿ ಒಂದು ದಿನ ಸ್ಕರ್ಟಿನ ತುಂಡು ಕ್ರ್ಯಾಂಕ್‌ಕೇಸಿಗೆ ಬೀಳುತ್ತದೆ. ಹಾಗಾಗಿ ಕತ್ತರಿಸಿದ ಅಂಚನ್ನು 400, ಆಮೇಲೆ 800ರ ಪೇಪರಿನಲ್ಲಿ ಅರದ ಗುರುತು ಒಂದೂ ಉಳಿಯದಂತೆ ನುಣುಪು ಮಾಡಿ. ಹೊರ ಅಂಚಿಗೆ ಸಣ್ಣ ಇಳಿಜಾರು ಕೊಡಿ, ಅರ್ಧ ಮಿಮೀ ಸಾಕು. ಚೂಪಾಗಿ ಬಿಟ್ಟರೆ ಅದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಕೆರೆದು ತೆಗೆಯುತ್ತದೆ.

ಸ್ಕರ್ಟಿನಲ್ಲಿ ಕಿಟಕಿ ಕೊರೆಯುವ ಇನ್ನೊಂದು ಪದ್ಧತಿ ಇದೆ. ರೀಡ್ ವಾಲ್ವ್ ಹಾಕಿದವರಿಗೆ ಮಾತ್ರ ಅದು. ರೀಡ್ ಇಲ್ಲದ ಎಂಜಿನ್ನಿನಲ್ಲಿ ಕಿಟಕಿ ಕೊರೆದರೆ ಇನ್‌ಲೆಟ್ ಮುಚ್ಚಿಕೊಳ್ಳುವುದೇ ಇಲ್ಲ, ಎಂಜಿನ್ ಸ್ಟಾರ್ಟ್ ಕೂಡ ಆಗದಿರಬಹುದು. ತೂಕ ಇಳಿಸಲು ಒಳಗಿನಿಂದ ತಲೆಯ ತಳವನ್ನು ಕೆರೆಯುವವರೂ ಇದ್ದಾರೆ. ಬಿಸಿಯನ್ನೆಲ್ಲ ಹೊರುವ ಜಾಗ ಅದು, ಬಿಟ್ಟುಬಿಡಿ.

ನಾಲ್ಕನೆಯ ಹಂತ: ತಲೆಯ ಅಂಚು

ಪಿಸ್ಟನ್ ಕೆಳತುದಿಗೆ ಇಳಿದಾಗ ಅದರ ತಲೆ ಟ್ರಾನ್ಸ್‌ಫರ್ (ಕ್ರ್ಯಾಂಕ್‌ಕೇಸಿನಿಂದ ಮಿಶ್ರಣ ಮೇಲೇರುವ) ಮತ್ತು ಎಕ್ಸಾಸ್ಟ್ ಪೋರ್ಟುಗಳ ತಳಕ್ಕೆ ಸಮನಾಗಿರಬೇಕು. ಕೆಲವು ಎಂಜಿನ್ನುಗಳಲ್ಲಿ ತಲೆ ಒಂದಿಷ್ಟು ಮೇಲೇ ನಿಂತು ಹೊಸ್ತಿಲಿನಂತೆ ಅಡ್ಡ ಬರುತ್ತದೆ. ಪೋರ್ಟಿನ ಎದುರಿಗೆ ಬರುವಷ್ಟು ಅಗಲಕ್ಕೆ ಮಾತ್ರ ತಲೆಯ ಅಂಚಿಗೆ ಇಳಿಜಾರು ಕೊಡಬಹುದು, ಆಳ 1 ಮಿಮೀ ಮೀರದಂತೆ. ಮೇಲಿನ ರಿಂಗಿನ ತೋಡಿಗೂ ತಲೆಗೂ ನಡುವಿನ ಲೋಹ ತೆಳ್ಳಗಾದರೆ ಬೆಂಕಿ ನೇರ ರಿಂಗಿಗೆ ತಾಗುತ್ತದೆ.

ದಪ್ಪ ಬೇಸ್ ಗ್ಯಾಸ್ಕೆಟ್ ಹಾಕಿ ಸಿಲಿಂಡರನ್ನೇ ಎತ್ತಿದರಾಯಿತಲ್ಲ ಎಂದು ಕೇಳಬಹುದು. ಆಗುತ್ತದೆ, ಆದರೆ ಸಿಲಿಂಡರ್ ಎದ್ದಷ್ಟೂ ಇನ್‌ಲೆಟ್ ಪೋರ್ಟಿನ ತಳವೂ ಮೇಲೇಳುತ್ತದೆ, ಅಂದರೆ ಇನ್‌ಟೇಕ್ ಅವಧಿ ಕಡಿಮೆಯಾಗುತ್ತದೆ. ಗ್ಯಾಸ್ಕೆಟ್ ಬದಲಾಯಿಸುವವರು ಅದನ್ನು ಮೊದಲು ನಿರ್ಧರಿಸಿ, ಆಮೇಲೆ ಸ್ಕರ್ಟ್ ಅಳೆಯಬೇಕು.

ಜೋಡಣೆ

ತೊಳೆಯುವುದನ್ನು ಲಘುವಾಗಿ ಕಾಣಬೇಡಿ. ಸಿಲಿಕಾನ್ ಬೆರೆತ ಧೂಳು ಎಮರಿಯಷ್ಟೇ ಕ್ರೂರಿ. ಮೊದಲು ಸೀಮೆಎಣ್ಣೆ, ಆಮೇಲೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪು, ರಿಂಗಿನ ತೋಡುಗಳಿಗೆ ಹಳೆಯ ಟೂತ್‌ಬ್ರಷ್. ಒಣಗಿಸಿ ತಕ್ಷಣ ಟು-ಟಿ (ಟು-ಸ್ಟ್ರೋಕ್) ಆಯಿಲ್ ಸವರಿ.

ಪ್ರತಿ ರಿಂಗನ್ನೂ ಒಂಟಿಯಾಗಿ ಬೋರಿಗೆ ಇಳಿಸಿ, ಪಿಸ್ಟನ್ನಿನಿಂದ ದೂಡಿ ನೇರ ಮಾಡಿ, ಬಾಯಿಯ ಸಂದಿ ಅಳೆಯಿರಿ. 47 ಮಿಮೀ ಬೋರಿಗೆ 0.2ರಿಂದ 0.35 ಮಿಮೀ ಇದ್ದರೆ ಸರಿ. ಕಡಿಮೆ ಇದ್ದರೆ ಬಿಸಿಯಾದಾಗ ತುದಿಗಳು ಒಂದಕ್ಕೊಂದು ಒತ್ತಿ ಗೋಡೆಯನ್ನು ಕೆರೆಯುತ್ತವೆ. ಬೋರಿಗೆ ಹೋನ್ ಮಾಡಿಸುವ (ಕಲ್ಲಿನಿಂದ ಉಜ್ಜಿಸುವ) ಮೊದಲು ಆಯಸ್ಕಾಂತ ಹಿಡಿದು ನೋಡಿ. ಹಿಡಿಯದಿದ್ದರೆ ಅದು ಅಲ್ಯೂಮಿನಿಯಂ ಮೇಲೆ ಲೇಪನ ಮಾಡಿದ ಬೋರು, ಹೋನ್ ತಾಗಿದರೆ ಲೇಪನ ಏಳುತ್ತದೆ.

ಪಿಸ್ಟನ್ ತಲೆಯ ಬಾಣ ಎಕ್ಸಾಸ್ಟ್ ಕಡೆಗೆ, ಅಂದರೆ ಮುಂದಕ್ಕೆ. ರಿಂಗಿನ ಬಾಯಿ ತೋಡಿನೊಳಗಿನ ಮೊಳೆಗೆ ಸರಿಯಾಗಿ ಕೂರಬೇಕು. ಕೂರದೆ ಸಿಲಿಂಡರ್ ಒತ್ತಿದರೆ ರಿಂಗು ಲಟಕ್ಕೆಂದು ಮುರಿಯುತ್ತದೆ. ಹಳೆಯ ಸರ್ಕ್ಲಿಪ್ ಮತ್ತೆ ಹಾಕಬೇಡಿ, ಹೊಸದರ ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ.

ಹೆಡ್ ಬಿಗಿಯುವ ಮೊದಲು ಸ್ಕ್ವಿಶ್ (ಟಿಡಿಸಿಯಲ್ಲಿ ಪಿಸ್ಟನ್ ತಲೆಯ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಸಂದಿ) ನೋಡಿ. ಪಿನ್ನಿನ ರೇಖೆಯ ಮೇಲೆ ಪಿಸ್ಟನ್ ತಲೆಯ ಎರಡೂ ಅಂಚಿಗೆ ಬೆಸುಗೆ ತಂತಿಯ ತುಂಡು ಗ್ರೀಸಿನಿಂದ ಅಂಟಿಸಿ, ಹೆಡ್ ಬಿಗಿದು, ಒಂದು ಸುತ್ತು ತಿರುಗಿಸಿ ಬಿಚ್ಚಿ. ಚಪ್ಪಟೆಯಾದ ತಂತಿ 0.7ರಿಂದ 0.9 ಮಿಮೀ ಇದ್ದರೆ ಒಳ್ಳೆಯದು. 0.6ಕ್ಕಿಂತ ಕಡಿಮೆ ಬಂದರೆ ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ, ಈ ಕಿಟ್‌ಗಳ ಬೇರಿಂಗಿನ ಸಡಿಲವನ್ನು ನಂಬುವಂತಿಲ್ಲ. ಹೆಡ್ ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಮಿಮೀ ಸ್ಟಡ್ ಆದರೆ ಸುಮಾರು 15 ನ್ಯೂಟನ್-ಮೀಟರ್.

ಓಡಿಸಿ ನೋಡುವುದು

ಮೊದಲ ಟ್ಯಾಂಕಿಗೆ ಲೀಟರಿಗೆ 50 ಮಿಲಿ ಟು-ಟಿ ಆಯಿಲ್ ಹಾಕಿ, ಅಂದರೆ 20ಕ್ಕೆ 1. ಒಂದೇ ವೇಗದಲ್ಲಿ ಎಳೆಯಬೇಡಿ, ಥ್ರಾಟಲ್ ಏರಿಸುತ್ತ ಇಳಿಸುತ್ತ ಓಡಿಸಿ, ನಡುನಡುವೆ ಪೂರ್ತಿ ಆರಲು ಬಿಡಿ. ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಇನ್ನೊಮ್ಮೆ ನೋಡಿ, ಸಾಮಾನ್ಯವಾಗಿ ಸ್ವಲ್ಪ ಸಡಿಲ ಬಿಟ್ಟಿರುತ್ತವೆ.

ಇನ್‌ಟೇಕ್ ಅವಧಿ ಬದಲಾದ ಮೇಲೆ ಕಾರ್ಬೊರೇಟರಿನ ಹಳೆಯ ಸೆಟ್ಟಿಂಗ್ ಹೊಂದಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಪ್ಲಗ್ ತೆಗೆದು ಬಣ್ಣ ನೋಡಿ. ಕಾಫಿ ಕಂದು ಇದ್ದರೆ ಮುಟ್ಟಬೇಡಿ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬೊರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಕ್ಕೆ ಇಳಿಸಿ. ಅಷ್ಟಕ್ಕೂ ಸರಿಹೋಗದಿದ್ದರೆ ದೊಡ್ಡ ಜೆಟ್.

ಏರ್ ಫಿಲ್ಟರ್ ಬೇಗನೆ ಪೆಟ್ರೋಲು-ಎಣ್ಣೆಯಲ್ಲಿ ನೆನೆದರೆ, ಕಡಿಮೆ ವೇಗದಲ್ಲಿ ಎಂಜಿನ್ ತೊದಲುತ್ತಿದ್ದರೆ, ಸ್ಕರ್ಟ್ ಹೆಚ್ಚು ಹೋಗಿದೆ. ಕಾರ್ಬೊರೇಟರ್ ತಿರುಚಿ ಅದನ್ನು ಸರಿಮಾಡಲಾಗದು. ಮುಟ್ಟದೆ ಇಟ್ಟಿದ್ದ ಎರಡನೆಯ ಪಿಸ್ಟನ್ ತೆಗೆದು, ಮೊದಲಿನದಕ್ಕಿಂತ 1 ಮಿಮೀ ಕಡಿಮೆ ಕತ್ತರಿಸಿ.

ಮೊದಲ ಟ್ಯಾಂಕ್ ಮುಗಿದಾಗ ಹೆಡ್ ಬಿಚ್ಚಬೇಕಿಲ್ಲ. ಸೈಲೆನ್ಸರ್ ಕಳಚಿ, ಎಕ್ಸಾಸ್ಟ್ ಪೋರ್ಟಿನಿಂದ ಟಾರ್ಚ್ ಬಿಟ್ಟು, ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತ ಮುಂದಿನ ಸ್ಕರ್ಟನ್ನು ನೋಡಿ. ಮಂದವಾದ ಬೂದು ಮೈ, ನಡುವೆ ಸಣ್ಣಗೆ ಹೊಳೆಯುವ ಪಟ್ಟಿ ಇದ್ದರೆ ಚೆನ್ನಾಗಿ ಕೂತಿದೆ. ಉದ್ದುದ್ದ ಗೀರು, ಮೆತ್ತಿದ ಅಲ್ಯೂಮಿನಿಯಂ ಕಂಡರೆ ಸೀಜ್ ಆಗಲು ಹೊರಟಿದೆ: ಮಿಶ್ರಣ ತೆಳು, ಅಥವಾ ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದಿ ಕಡಿಮೆ. ಹಿಂದಿನ ಸ್ಕರ್ಟಿನ ಕಮಾನನ್ನು ಇನ್‌ಲೆಟ್ ಕಡೆಯಿಂದ ನೋಡಿ, ಮೂಲೆಗಳಲ್ಲಿ ಕೂದಲೆಳೆ ಬಿರುಕಿದ್ದರೆ ಆ ಪಿಸ್ಟನ್ನನ್ನು ಅಂದೇ ತೆಗೆದುಬಿಡಿ. ಬಿರುಕಿಲ್ಲದಿದ್ದರೆ ಎಣ್ಣೆಯನ್ನು 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿಗೆ ಇಳಿಸಿ ಮುಂದುವರಿಸಬಹುದು.